ಎಳೆಗೇನೂ ಬರವಿಲ್ಲ

ಕಥೆಗಾರರಿಗೆ ಆಂಧ್ರ ಗಡಿಯ ಗುಮ್ಮಘಟ್ಟ ಅಂದರೆ ಬಲು ಪ್ರೀತಿ. ಬೆಂಗಳೂರಿನಿಂದ ಕಾರಲ್ಲಿ ಬರುತ್ತಾರೆ. ಭೈರವಾನಿತಿಪ್ಪ ಅಣೆಕಟ್ಟೆಯ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾರೆ. 'ಎಂಥಾ ಎಳೆ ಸಿಕ್ತು ಸಾರ್!' ಅನ್ನುತ್ತಾರೆ. ರಾಯದುರ್ಗದಲ್ಲಿ ಊಟ ಮುಗಿಸಿ ವಾಪಸ್ಸು.

ಎಳೆಗೇನು ಕೊರತೆ? ಅಣೆಕಟ್ಟೆ ಇದೆ, ತುಂಬುವುದು ಅಪರೂಪ. ಅದಕ್ಕೆ ನೀರು ತರಬೇಕಾದ ವೇದಾವತಿ ನದಿಯನ್ನು ಮೇಲೆ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ 1907ರಿಂದಲೇ ತಡೆದು ನಿಲ್ಲಿಸಿದೆ. 1953ರಲ್ಲಿ ರಾಯದುರ್ಗ ಬಳ್ಳಾರಿಯಿಂದ ಕಳಚಿ ಆಂಧ್ರಕ್ಕೆ ಸೇರಿತು. ನೀರು ಒಂದು ಕಡೆ, ನಾಡು ಇನ್ನೊಂದು ಕಡೆ. ಇಷ್ಟನ್ನೂ ಕಥೆಗಾರ ಅರ್ಧ ಸಾಲಲ್ಲಿ ದಾಟುತ್ತಾನೆ. ಅವನಿಗೆ ಅವಸರ. ಅಜ್ಜಿ ಸಾಯಬೇಕು, ಮಳೆ ಬರಬೇಕು.

ಕೊನೆಯ ಪ್ಯಾರಾದಲ್ಲಿ ಮಳೆ ತಪ್ಪದೆ ಬರುತ್ತದೆ. ಹವಾಮಾನ ಇಲಾಖೆಗೂ ಇಷ್ಟು ಧೈರ್ಯವಿಲ್ಲ.

ನಡುವೆ ಒಬ್ಬ ಶೇಂಗಾ ರೈತ ಬೋರು ಕೊರೆಸುತ್ತಾನೆ. 'ನೀರು ಬೀಳಲಿಲ್ಲ. ಅವನು ಆಕಾಶ ನೋಡಿದ.' ಮುಗಿಯಿತು!

ಅಲ್ಲ ಸ್ವಾಮಿ, ಕಥೆ ಇರುವುದೇ ಅಲ್ಲಿ. ಬೋರಿನ ಲಾರಿ ಹೊಲದಲ್ಲಿ ಗರ್ಜಿಸುತ್ತಿದೆ. ಆರುನೂರು ಅಡಿ ಇಳಿದರೂ ಏಳುತ್ತಿರುವುದು ಬರೀ ಬಿಳಿ ಧೂಳು. 'ಇನ್ನೂ ಇಳಿಸೋಣವಾ, ನಿಲ್ಲಿಸೋಣವಾ?' ಏಜೆಂಟ್ ಕೇಳುತ್ತಾನೆ. ರೇಟು ಅಡಿ ಲೆಕ್ಕ, ಆಳಕ್ಕೆ ಹೋದಷ್ಟೂ ಏರುತ್ತದೆ. ಹೆಂಡತಿಯ ಕೈ ಕಿವಿಯ ಓಲೆ ಮುಟ್ಟಿಕೊಳ್ಳುತ್ತದೆ. ಗಂಡ ಅದನ್ನು ನೋಡಿಯೂ ನೋಡದವನ ಹಾಗೆ ನಿಂತಿದ್ದಾನೆ. ಈಗ ಅವನು ಏನು ಹೇಳಿದ? ಅದನ್ನು ಬರೆಯಬೇಕಾದರೆ ಎರಡು ದಿನ ಊರಲ್ಲಿ ಉಳಿಯಬೇಕು. ಇವರ ಕಾರು ನಾಲ್ಕಕ್ಕೇ ಹೊರಡಬೇಕು.

ಮಾಸ್ತಿಯವರ 'ರಂಗನ ಮದುವೆ'ಯ ಎಳೆ ಏನು ಮಹಾ? ಮದುವೆ ಬೇಡ ಎಂದ ಹುಡುಗ ಮದುವೆಯಾದ. ಅಷ್ಟೇ. ನಡುವೆ ಒಂದು ಹಾಡು, ಒಂದು ಹಸಿ ಸುಳ್ಳು, ಶಾಸ್ತ್ರಿಯೊಬ್ಬರ ನಾಟಕ. ಬೇಡ ಎಂಬುದು ಬೇಕು ಆಗುವವರೆಗೆ ಮಾಸ್ತಿ ಒಂದು ಮೆಟ್ಟಿಲನ್ನೂ ಹಾರಲಿಲ್ಲ. ಅದೂ ಸರ್ಕಾರಿ ನೌಕರಿ ಮಾಡಿಕೊಂಡೇ ಕಥೆ ಬರೆದ ಮನುಷ್ಯ. ಇವರಿಗೆ ಕಮ್ಮಟ ಬೇಕು, ಎಸಿ ಹಾಲ್ ಬೇಕು, ಕಿಟ್ ಬ್ಯಾಗ್ ಬೇಕು.

ಗಡಿ ಕನ್ನಡಕ್ಕಾಗಿ ವೇದಿಕೆಯಲ್ಲಿ ಕಣ್ಣೀರು. ಕಥೆಯಲ್ಲಿ ನಮ್ಮವರ ಬಾಯಿಗೆ ಒಂದೇ ಒಂದು ತೆಲುಗು ಮಾತು ಬರುವುದಿಲ್ಲ! ಆ ಥರ ರಾಯದುರ್ಗದ ಸಂತೆಯಲ್ಲಿ ಮಾತಾಡಿದರೆ, ಟೀವಿಯಲ್ಲಿ ವಾರ್ತೆ ಓದುವವರು ಬಂದಿದ್ದಾರೆ ಅಂತ ಜನ ಸೇರುತ್ತಾರೆ.

ಬಹುಮಾನ ಮಾತ್ರ ಇಂಥ ಕಥೆಗೇ. 'ಮಣ್ಣಿನ ವಾಸನೆಯಿದೆ' ಎಂದು ತೀರ್ಪುಗಾರರ ಷರಾ. ಮೂಸಿದ್ದು ಯಾವಾಗಲೋ!

ಈಗ ಇನ್ನೊಂದು ಎಳೆ ಸಿಕ್ಕಿದೆಯಂತೆ: ಗಡಿಯ ಕನ್ನಡ ಶಾಲೆ. ನೋಡಿಕೊಂಡು ಹೋದರು. ಒಂದು ಮಗುವೂ ಇರಲಿಲ್ಲ, ಕರುಳು ಕಿವುಚಿತು ಅಂದರು.

ಬಂದದ್ದು ಭಾನುವಾರ.