ಕೂಗುಮಾನ ಮೀಮಾಂಸೆ

ಕಾಲವನ್ನು ಅಳೆಯಲು ನಮ್ಮ ಪಂಚಾಂಗಕರ್ತರು ಸೌರಮಾನ, ಚಾಂದ್ರಮಾನ ಎಂಬ ಎರಡು ಪದ್ಧತಿಗಳನ್ನು ಒಪ್ಪಿದ್ದಾರೆ. ಅವರೆಲ್ಲ ಕಡೆಗಣಿಸಿದ ಮೂರನೆಯದೊಂದಿದೆ, ಅದೇ ಕೂಗುಮಾನ. ‘ಬೇಳೆಗೆ ಮೂರು ಕೂಗು, ಕಡಲೆಕಾಳಿಗೆ ಐದು’ ಎಂಬ ವಾಕ್ಯಕ್ಕೆ ಅಡುಗೆಮನೆಯಲ್ಲಿ ಶ್ರುತಿಯ ಸ್ಥಾನವಿದೆ. ಕರ್ತೃ ಯಾರೋ ತಿಳಿಯದು, ಪ್ರಶ್ನಿಸುವ ಧೈರ್ಯವೂ ಯಾರಿಗೂ ಇಲ್ಲ. ದಿನದ ಕೆಲಸ ನಿಭಾಯಿಸುವ ವಿಷಯದಲ್ಲಿ ಗಡಿಯಾರಕ್ಕಿಂತ ಪ್ರೆಷರ್ ಕುಕ್ಕರೇ ಪ್ರಬಲ ಪ್ರಮಾಣವೆಂದು ಸ್ಥಾಪಿಸುವುದು ಈ ಪ್ರಬಂಧದ ಉದ್ದೇಶ.

ಮೊದಲು ಪ್ರತಿವಾದಿಗಳನ್ನು ಗಮನಿಸೋಣ. 1980ರ ದಶಕದ ಕೊನೆಯಲ್ಲಿ ಇಟಲಿಯ ವಿದ್ಯಾರ್ಥಿ ಫ್ರಾಂಚೆಸ್ಕೊ ಸಿರಿಲೊ ಟೊಮೆಟೊ ಆಕಾರದ ಅಡುಗೆಮನೆ ಟೈಮರೊಂದನ್ನು ಎದುರಿಗಿಟ್ಟುಕೊಂಡು ಪೊಮೊಡೊರೊ ಪದ್ಧತಿಯನ್ನು ರೂಪಿಸಿದ: 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ ದೊಡ್ಡ ಬಿಡುವು. ಇತ್ತ ನಮ್ಮ ಗಳಿಗೆಬಟ್ಟಲು, ತಳದ ತೂತಿನಿಂದ ನೀರು ತುಂಬಿಕೊಂಡು, ಸರಿಯಾಗಿ 24 ನಿಮಿಷಕ್ಕೆ ಮುಳುಗುತ್ತಿತ್ತು. ಹೀಗೆ ದಿನಕ್ಕೆ 60 ಗಳಿಗೆ. ಇಟಲಿಯವನು ಸೇರಿಸಿದ ಆ ಒಂದು ನಿಮಿಷ, ಕೆಲಸ ಎಲ್ಲಿಗೆ ಬಂದಿತ್ತೆಂದು ನೆನಪಿಸಿಕೊಳ್ಳುವುದಕ್ಕೆ ಇರಬೇಕು. ಇಷ್ಟು ಸಿಕ್ಕರೆ ‘ಎಲ್ಲವೂ ನಮ್ಮಲ್ಲೇ ಮೊದಲಿತ್ತು’ ಎಂದು ಶಾಲು ಹೊದ್ದು ಭಾಷಣಕ್ಕೆ ನಿಲ್ಲುವವರಿದ್ದಾರೆ. ಪ್ರಸ್ತುತ ಲೇಖಕ ಆ ಆಸೆಯನ್ನು ಗೆದ್ದಿರುವುದಕ್ಕೆ ಕಾರಣವಿಷ್ಟೆ: ಕುಕ್ಕರಿನ ಮೂಲಪುರುಷ ಫ್ರಾನ್ಸಿನ ಡೆನಿ ಪಾಪಿನ್. 1679ರಲ್ಲಿ ಅವನು ರೂಪಿಸಿದ ಆ ಪಾತ್ರೆಯಲ್ಲಿ ಬೇಯಿಸಿ ಮೆತ್ತಗಾದ ಮೂಳೆಗಳನ್ನು 1682ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದ್ವಾಂಸರು ರಾತ್ರಿಯೂಟಕ್ಕೆ ಸವಿದರು. ವಿಚಾರಸಂಕಿರಣಕ್ಕೆ ಊಟವೇ ಮುಖ್ಯವೆಂಬ ಸತ್ಸಂಪ್ರದಾಯ ಆಗಲೇ ಬೇರೂರಿತ್ತು.

ಟೊಮೆಟೊ, ಬಟ್ಟಲು ಎರಡಕ್ಕೂ ಒಂದೇ ದೋಷ. ಅವು ಕಳೆದ ಹೊತ್ತನ್ನು ಅಳೆಯುತ್ತವೆ, ಆದ ಕೆಲಸವನ್ನಲ್ಲ. ಕಡತದ ದಾರ ಬಿಚ್ಚದೆ ಕೂತಿದ್ದರೂ 25 ನಿಮಿಷಕ್ಕೆ ಟೊಮೆಟೊ ಗಂಟೆ ಬಾರಿಸಿ ಅಭಿನಂದಿಸುತ್ತದೆ. ಕುಕ್ಕರ್ ಹಾಗಲ್ಲ. ಒಳಗೆ ಉಗಿಯ ಒತ್ತಡ ಏರಿ, ನೀರಿನ ಕುದಿಬಿಂದು 100ರಿಂದ ಸುಮಾರು 120 ಡಿಗ್ರಿಗೆ ಮುಟ್ಟಿ, ವೆಯ್ಟನ್ನು ಎತ್ತುವಷ್ಟು ಬಲ ಬಂದಾಗಲೇ ಅದು ಬಾಯಿ ತೆರೆಯುವುದು. ಒಲೆ ಹಚ್ಚದವನಿಗೆ ಯುಗ ಕಳೆದರೂ ಒಂದು ಕೂಗಿಲ್ಲ. ಆದ್ದರಿಂದ ‘ಹತ್ತರಿಂದ ಐದರವರೆಗೆ ದುಡಿದೆ’ ಎನ್ನುವುದನ್ನು ಬಿಟ್ಟು ‘ಇವತ್ತು ನಾಲ್ಕು ಕೂಗಾಯಿತು’, ಅಂದರೆ ನಾಲ್ಕು ಕೆಲಸ ಬೆಂದವು, ಎಂದು ಲೆಕ್ಕ ಬರೆಯುವುದು ಶಾಸ್ತ್ರಸಮ್ಮತ. ಉರಿ, ನೀರು, ಪಾತ್ರೆ ಬದಲಾದಂತೆ ಕೂಗಿನ ಅಂತರವೂ ಬದಲಾಗುತ್ತದಲ್ಲ, ಇದೆಂಥ ಮಾನ ಎಂದು ಪೂರ್ವಪಕ್ಷ. ಸಮಾಧಾನ ಸುಲಭ. 1873ಕ್ಕೆ ಮುಂಚೆ ಜಪಾನಿನಲ್ಲಿ ಹಗಲಿನ ಗಂಟೆ ಬೇಸಗೆಯಲ್ಲಿ ಉದ್ದ, ಚಳಿಗಾಲದಲ್ಲಿ ಗಿಡ್ಡ ಇರುತ್ತಿತ್ತು. ಅದರಿಂದ ಯಾರ ಅನ್ನವೂ ಸೀದದ್ದಿಲ್ಲ.

ಎರಡನೆಯ ಆಕ್ಷೇಪ ಗಟ್ಟಿ. ಇರುವಷ್ಟು ಸಮಯವನ್ನೂ ತುಂಬುವಂತೆ ಕೆಲಸ ಹಿಗ್ಗುತ್ತದೆ ಎಂದು 1955ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಯಲ್ಲಿ ಪಾರ್ಕಿನ್ಸನ್ ಬರೆದನಲ್ಲ, ಅದಕ್ಕೇನು ಹೇಳುತ್ತೀರಿ? ಮುಚ್ಚಳ ಬಿಗಿದ ಮೇಲೆ ಹಿಗ್ಗಲು ಜಾಗವೆಲ್ಲಿದೆ ಎಂಬುದು ಮೊದಲ ಉತ್ತರ. ಎರಡನೆಯದು ಕುಕ್ಕರಿನ ಜೊತೆ ಬರುವ, ಯಾರೂ ಓದದ ಕೈಪಿಡಿಯಲ್ಲಿದೆ: ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ನೊರೆ ಬರುವ ಬೇಳೆಯಾದರೆ ಅರ್ಧಕ್ಕೇ ನಿಲ್ಲಿಸಿ. ಒಂಬತ್ತು ಗಂಟೆಯ ದಿನಕ್ಕೆ ಆರು ಗಂಟೆಯ ಕೆಲಸವನ್ನಷ್ಟೇ ಹಾಕಿಕೊಳ್ಳಬೇಕೆಂದು ಇದರ ವಿಧಿ. ಮೀಟಿಂಗ್ ಎಂಬುದು ಸ್ವಭಾವತಃ ನೊರೆಯ ಪದಾರ್ಥ. ಅದಿರುವ ದಿನ ಅರ್ಧವೇ ಹೆಚ್ಚು. ಒಂದರ ಮೇಲೊಂದು ಡಬ್ಬಿಯಿಟ್ಟು ಅನ್ನ, ಬೇಳೆ, ತರಕಾರಿ ಒಟ್ಟಿಗೆ ಬೇಯಿಸುವಂತೆ, ಒಂದೇ ಹದದ ಉರಿ ಬೇಡುವ ಚಿಲ್ಲರೆ ಕೆಲಸಗಳನ್ನು, ಅಂದರೆ ಕರೆಂಟ್ ಬಿಲ್ಲು, ಬ್ಯಾಂಕು, ಪತ್ರಗಳಿಗೆ ಉತ್ತರ, ಒಂದೇ ಸುತ್ತಿನಲ್ಲಿ ಮುಗಿಸಬಹುದು.

ಉರಿ ಜೋರಾಗಿದ್ದೂ ಕೂಗೇ ಬರುವುದಿಲ್ಲವಲ್ಲ ಎಂದು ಗೋಳಾಡುವವರು ಗ್ಯಾಸ್ಕೆಟ್ ನೋಡಿಕೊಳ್ಳಲಿ. ಅದು ಸಡಿಲವಾದರೆ ಉಗಿ ಪಕ್ಕದಿಂದ ಸೋರಿ, ಗ್ಯಾಸೂ ನೀರೂ ಖಾಲಿಯಾಗುತ್ತವೆ. ಕೆಲಸದ ನಡುವೆ ಟಿಣ್ ಎನ್ನುವ ಮೊಬೈಲ್ ಇಂಥದೇ ಸೋರಿಕೆ. ಗ್ಯಾಸ್ಕೆಟ್ಟನ್ನು ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟು ಬಿಗಿ ಮಾಡುವುದು ಗೃಹಿಣಿಯರ ಉಪಾಯ. ಮೊಬೈಲನ್ನೂ ಅಲ್ಲೇ ಇಡಬೇಕೆಂಬುದು ಉಗ್ರಪಂಥೀಯರ ಮತ. ಬೇರೆ ಕೋಣೆಯ ಬೀರು ಸಾಕೆಂದು ಸೌಮ್ಯವಾದಿಗಳು.

ವಿದ್ವಾಂಸರಲ್ಲಿ ಇನ್ನೂ ಒಮ್ಮತ ಮೂಡದ ಪ್ರಶ್ನೆಯೊಂದು ಉಳಿದಿದೆ. ಮೊದಲಿಗೆ ‘ಸುಸ್’ ಎಂದು ಸುಮ್ಮನಾಗುವ ಅರೆಕೂಗು ಲೆಕ್ಕಕ್ಕೆ ಬರುತ್ತದೆಯೆ? ಬರುತ್ತದೆಂದು ಹಾಲ್‌ನಲ್ಲಿ ಪೇಪರ್ ಓದುವವರು, ಖಂಡಿತ ಇಲ್ಲವೆಂದು ಒಲೆಯ ಮುಂದಿರುವವರು. ಉಭಯ ಪಂಥಗಳಿಗೂ ಒಪ್ಪಿಗೆಯಾಗುವಂಥ ವಿಧಾನ ಹೀಗೆ: ಪೂರ್ತಿ ಕೂಗಿಗೆ ಕಟ್ಟೆಯ ಮೇಲೆ ಒಂದು ಕಡಲೆಕಾಳು, ಅರೆಕೂಗಿಗೆ ಒಂದು ಕಡಲೆಬೇಳೆ.