ಅಂಗೈಯಲ್ಲೊಂದು ಕಂಪನಿ

ಗೇಮು ಮಾಡುವ ಕಂಪನಿ ನಡೆಸುವುದೇ ಒಂದು ಗೇಮು! ಜಪಾನಿನ ಕೈರೋಸಾಫ್ಟ್‌ನವರ ‘ಗೇಮ್ ಡೆವ್ ಸ್ಟೋರಿ’ ಇಂಗ್ಲಿಷ್ ಕಲಿತು ಮೊಬೈಲಿಗೆ ಬಂದದ್ದು 2010ರಲ್ಲಿ. ನನ್ನ ತಲೆಗೆ ಹತ್ತಿದ್ದು ಮೊನ್ನೆ. ಹಗಲೆಲ್ಲ ಬಾಸ್ ಹತ್ತಿರ ಬೈಸಿಕೊಂಡು, ರಾತ್ರಿ ಮುಸುಕಿನೊಳಗೆ ನಾನೇ ಬಾಸ್. ಗೊಂಬೆ ನೌಕರರ ಲೆವೆಲ್ ಏರಿಸಿದರೆ ಸಂಬಳವೂ ತಾನಾಗಿ ಏರುತ್ತದೆ. (ನಮ್ಮ ಬಾಸ್ ಈ ಆಟ ಆಡಿದಂತಿಲ್ಲ.) ಹುರುಪು ಬಂದವರ ಮೈಯಿಂದ ಜ್ವಾಲೆಯೇ ಏಳುತ್ತದೆ.

“ರೀ, ಹಾಲು ಉಕ್ತಿದೆ, ಒಲೆ ಆರಿಸಿ!”

“ತಡಿಯೇ, ಪ್ರೋಗ್ರಾಮರ್‌ಗೆ ಬೆಂಕಿ ಹತ್ತಿದೆ!”

ಗೇಮು ಬಿಡುಗಡೆಯಾಯಿತು. ನಾಲ್ವರು ವಿಮರ್ಶಕರು, ತಲಾ 10 ಅಂಕ. 40ಕ್ಕೆ ನನಗೆ ಬಂದದ್ದು 13. ಹಾಲು ಮಾತ್ರ ಪೂರ್ತಿ ಹೋಗಿತ್ತು. ಐದನೆಯ ವಿಮರ್ಶಕಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.