ತಿಂತಿಲ್ಲ, ಮಾರ್ತಿದೀನಿ

ಮೈಸೂರಿನಿಂದ ಬೆಂಗಳೂರಿಗೆ ರೈಲು ಹಳಿ ಹಾಕಿಸಿದವರ ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇದ್ದಿರಲಾರದು. ಇದ್ದಿದ್ದರೆ ದಾರಿಯನ್ನು ಹೀಗೆ ಎಳೆಯುತ್ತಿರಲಿಲ್ಲ. ಹೊರಡುವ ಊರೇ ಮೈಸೂರು ಪಾಕಿನದು. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ಸಕ್ಕರೆ, ತುಪ್ಪ ಇಷ್ಟನ್ನೇ ಇಟ್ಟುಕೊಂಡು ಮಾಡಿದ ಅನಾಹುತ ಅದು. ಅಲ್ಲಿಂದ ತಪ್ಪಿಸಿಕೊಂಡರೆ ಮಂಡ್ಯ. ಸಕ್ಕರೆ ಕಾರ್ಖಾನೆಯ, ಆಲೆಮನೆಗಳ ಊರು. ಆಮೇಲೆ ಮದ್ದೂರು, ಅಲ್ಲಿ ವಡೆ. ಮುಂದಿನದು ಚನ್ನಪಟ್ಟಣ. ದೇವರು ದೊಡ್ಡವನು, ಅರಗಿನ ಬಣ್ಣ ಹಚ್ಚಿದ ಮರದ ಬೊಂಬೆಯನ್ನು ಯಾರೂ ತಿನ್ನಲಾರರು. ರಾಮನಗರದ ರೇಷ್ಮೆಗೂಡೂ ಪಥ್ಯಕ್ಕೆ ವಿರೋಧವಲ್ಲ. ಹೀಗೆ ಎರಡು ಊರು ಸುಧಾರಿಸಿಕೊಳ್ಳುವಷ್ಟರಲ್ಲಿ ಬಿಡದಿ ಬಂತು: ತಟ್ಟೆ ಇಡ್ಲಿ, ಅದರ ನೆತ್ತಿಯ ಮೇಲೆ ಕರಗುತ್ತಿರುವ ಬೆಣ್ಣೆ.

2023ರಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಬಂದು ಈ ಊರುಗಳನ್ನೆಲ್ಲ ಬದಿಗೆ ಸರಿಸಿ ಮೇಲಿಂದ ಮೇಲೆ ಹಾದುಹೋಯಿತಲ್ಲ, ನನ್ನ ಹೆಂಡತಿ ಅದನ್ನು ಆರೋಗ್ಯ ಇಲಾಖೆಯ ಯೋಜನೆ ಎಂದೇ ತಿಳಿದಿದ್ದಾಳೆ. "ಬಸ್ಸಲ್ಲೇ ಬನ್ನಿ, ಎಲ್ಲೂ ನಿಲ್ಲಲ್ಲ" ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಳು. ಎಲ್ಲೂ ನಿಲ್ಲದಿರುವುದೇ ನನ್ನ ತೊಂದರೆ. ಬಸ್ಸಿನಲ್ಲಿ ಶೌಚಾಲಯವಿಲ್ಲ, ಸಕ್ಕರೆಯವನ ಕಷ್ಟ ಸಕ್ಕರೆಯವನಿಗೇ ಗೊತ್ತು. ಆದ್ದರಿಂದ ರೈಲು ಹತ್ತಿದೆ. ಈ ಕಾರಣ ನೂರಕ್ಕೆ ನೂರು ನಿಜ. ಮದ್ದೂರು ಆ ದಾರಿಯಲ್ಲಿ ಇದ್ದದ್ದು ಭೂಗೋಳದ ತಪ್ಪು.

ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎವನ್‌ಸಿ ಎಂಬ ಚಾಡಿಕೋರ ಪರೀಕ್ಷೆಯೊಂದಿದೆ. ಅದರಲ್ಲಿ 6.5 ಮುಟ್ಟಿದರೆ ಕಾಯಿಲೆ ಎನ್ನುತ್ತಾರೆ. ನನ್ನದು 7.4 ಬಂದಿತ್ತು. ಅಂದಿನಿಂದ ಅನ್ನ ಅಳತೆಯದು, ಕರಿದದ್ದು ಇಲ್ಲ, ಸಿಹಿಯ ಹೆಸರು ಎತ್ತುವಂತಿಲ್ಲ. ಮೈಸೂರಿನಲ್ಲಿ ಅಣ್ಣನ ಮಗನ ಗೃಹಪ್ರವೇಶ ಮುಗಿಸಿ ಬರುತ್ತಿದ್ದೆ. ಅಲ್ಲಿ ಒಬ್ಬಟ್ಟಿನೆದುರು ನಾನು ಹೇಗೆ ಗೆದ್ದೆ ಎಂಬುದು ಬೇರೆಯೇ ಪ್ರಬಂಧ. ಗೆದ್ದೆ ಎಂದಷ್ಟೇ ನಂಬಿ. ಚೀಲದಲ್ಲಿ ಸೌತೆಕಾಯಿ ಕೋಸಂಬರಿಯ ಡಬ್ಬಿ ಇತ್ತು.

ಎದುರಿಗೆ ಕೂತಿದ್ದವರು ಸಿರಿಧಾನ್ಯದವರು. ವೃತ್ತಿ ಏನೋ ಗೊತ್ತಿಲ್ಲ, ಪ್ರವೃತ್ತಿ ಅದು. ಮೈಸೂರು ಬಿಟ್ಟಾಗಿನಿಂದ ನವಣೆ, ಆರಕ, ಊದಲು ಎಂದು ಒಂದೊಂದನ್ನೇ ನನ್ನ ತಲೆಯ ಮೇಲೆ ಸುರಿದರು. ದಿನಕ್ಕೆ ಹದಿನಾರು ಗಂಟೆ ಬಾಯಿಗೆ ಏನೂ ಹಾಕುವುದಿಲ್ಲವಂತೆ. ಉಳಿದ ಎಂಟು ಗಂಟೆಯೂ ಮಾತಾಡುತ್ತಿರುವುದರಿಂದ ಯಾವಾಗ ತಿನ್ನುತ್ತಾರೋ ತಿಳಿಯಲಿಲ್ಲ. "ಮನಸ್ಸು ಗಟ್ಟಿ ಮಾಡಬೇಕು ಸಾರ್" ಎಂದು ನನ್ನ ಹೊಟ್ಟೆಯನ್ನು ನೋಡಿಕೊಂಡು ಹೇಳಿದರು. ಬಂದದ್ದು ಹೊಟ್ಟೆಗೆ, ಉಪದೇಶ ಮನಸ್ಸಿಗೆ. ಈ ಪಥ್ಯದ ಗುರುಗಳ ಕಾಟ ಪಥ್ಯಕ್ಕಿಂತ ಹೆಚ್ಚು.

ಮದ್ದೂರು ಬಂತು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಮೂಗಿಗೆ ಬಾಗಿಲಿಟ್ಟಿಲ್ಲ. ಮೊದಲು ಕರಿದ ಈರುಳ್ಳಿ ಬಂತು, ಹಿಂದೆಯೇ ಕರಿಬೇವು, ಆಮೇಲೆ "ವಡೆ ವಡೆ ವಡೇಯ್, ಮದ್ದೂರ್ ವಡೇಯ್" ಎಂಬ ದನಿ. ರೈಲು ಹೊರಟಿತು. ದನಿ ನನ್ನ ಪಕ್ಕಕ್ಕೆ ಬಂದು ನಿಂತಿತು. ಭುಜ ಮುಟ್ಟಿ ಯಾರೋ ಅಂದರು:

"ಸಾ, ಒಸಿ ಇಡ್ಕೊಂಡಿರಿ ಸಾ. ಚಿಲ್ರೆ ತಕಂಬತ್ತೀನಿ."

ಕಣ್ಣು ಬಿಟ್ಟರೆ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಇಟ್ಟವನ ಬೆನ್ನು ಮಾತ್ರ ಕಂಡಿತು, ಅದೂ ಮುಂದಿನ ಬೋಗಿಗೆ ದಾಟುತ್ತಿತ್ತು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ನನ್ನ ಜೀವನದಲ್ಲಿ ಇಂಥ ಘಳಿಗೆ ಮತ್ತೆ ಬರಲಾರದು. ಒಂದರ ಮೇಲೊಂದು ಒರಗಿಸಿಟ್ಟ ಅಂಗೈ ಅಗಲದ ವಡೆಗಳು. ಅಂಚು ಕಂದು, ನಡುವೆ ಹೊಂಬಣ್ಣ, ಅಲ್ಲಲ್ಲಿ ಎದ್ದು ನಿಂತ ಈರುಳ್ಳಿ ಎಸಳಿನ ತುದಿ ಮಾತ್ರ ಕರಿಕು. 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎನ್ನುವವರು, ಪಕೋಡ ಕರಿಯುವುದರೊಳಗೆ ರೈಲು ಬಂದುಬಿಟ್ಟಿತೆಂದು ಹಿಟ್ಟನ್ನೇ ಅವಸರವಾಗಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಹುಟ್ಟಿದ ಕತೆ ಹೀಗೆ ಹೇಳುತ್ತಾರೆ. ಆ ರೈಲು ಹೇಳಿದ ಹೊತ್ತಿಗೆ ಬಂದಿದ್ದರೆ ನನ್ನ ತೊಡೆ ಇವತ್ತು ಇಷ್ಟು ಬೆಚ್ಚಗಿರುತ್ತಿರಲಿಲ್ಲ. ಎರಡು ಕೈಯಲ್ಲೂ ಬುಟ್ಟಿಯ ಕಂಠ ಹಿಡಿದುಕೊಂಡಿದ್ದೆ. ಕೈ ಬಿಟ್ಟರೆ ವಡೆ ಬೀಳುತ್ತದೆ, ಬಿಡದಿದ್ದರೆ ನಾನು ಬೀಳುತ್ತೇನೆ.

ಅಷ್ಟರಲ್ಲಿ ಪಕ್ಕದ ಸಾಲಿನ ಅಜ್ಜಿ ಕೇಳಿದರು. "ಯಾನ್ ಮಗಾ, ಒಂದು ಎಸ್ಟು?"

"ನನ್ನದಲ್ಲ ಅಜ್ಜಿ."

"ನಿಂದಲ್ದಿದ್ರೆ ಯಾಕ್ ಇಡ್ಕಂಡಿದ್ದೀಯೆ?"

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಬೆಲೆಯೂ ಗೊತ್ತಿರಲಿಲ್ಲ. ಹಿಂದಿನ ಸೀಟಿನವರು "ಇಪ್ಪತ್ತು ರೂಪಾಯಿ, ಹೋದ ವಾರ ಕೊಟ್ಟೆ" ಎಂದು ದರ ಗೊತ್ತುಮಾಡಿದರು. ಅಜ್ಜಿ ಅದು ಅನ್ಯಾಯ, ತಾವು ನಾಲ್ಕಾಣೆಗೆ ತಿಂದವರು ಎಂದು ವಾದಿಸಿ, ಸೋತು, ಎರಡು ತೆಗೆದುಕೊಂಡು, ಮೊಮ್ಮಗುವಿಗೆಂದು ಕೊಸರು ಕೇಳಿದರು. ಕೊಟ್ಟೆ. ನನ್ನಪ್ಪನ ಮನೆಯ ಗಂಟೇನು ಹೋಗುತ್ತದೆ! ಅಲ್ಲಿಗೆ ಬೋಗಿಯ ಸಂಕೋಚ ಮುರಿಯಿತು. ಅಲ್ಲಿ ಎರಡು, ಇಲ್ಲಿ ನಾಲ್ಕು. ಕಾಲೇಜಿನ ಹುಡುಗಿ "ಅಂಕಲ್, ಸ್ಕ್ಯಾನರ್ ಎಲ್ಲಿ?" ಎಂದಳು. ಸ್ಕ್ಯಾನರ್ ಆತನ ಕೊರಳಲ್ಲಿತ್ತು, ಕೊರಳು ಮುಂದಿನ ಬೋಗಿಯಲ್ಲಿತ್ತು. ನನ್ನ ನಂಬರಿಗೇ ಹಾಕಿಸಿಕೊಂಡೆ. ಅವಳ ಗೆಳತಿಯರೂ ಹಾಕಿದರು. ಚಟ್ನಿ ಇಲ್ಲವೇ ಎಂದು ಒಬ್ಬರು ಗದರಿಸಿದರು. ನಾನು ಕ್ಷಮೆ ಕೇಳಿದೆ. ನಾಚಿಕೆಯನ್ನು ಬದಿಗಿಟ್ಟು ಹೇಳುತ್ತೇನೆ, ಐದೇ ನಿಮಿಷದಲ್ಲಿ ನನಗೆ ಕೈ ಕುದುರಿತ್ತು. ಕಾಗದ ಹರಿದು, ವಡೆ ಇಟ್ಟು, ಬೆರಳು ತಾಗದಂತೆ ಮಡಚಿ ಕೊಡುವ ವರಸೆ ತಾನಾಗಿ ಬಂತು. ಒಮ್ಮೆ ಬಾಯಿಂದ "ಬಿಸಿ ಬಿಸಿ" ಎಂದೂ ಹೊರಟಿತು. ಮೂವತ್ತು ವರ್ಷ ಕಚೇರಿಯಲ್ಲಿ ಕಡತ ದಾಟಿಸಿದವನ ಕೈಯಿಂದ ಇಷ್ಟು ಬೇಗ, ಇಷ್ಟು ಸಂತೋಷದಿಂದ ಯಾರೂ ಏನನ್ನೂ ತೆಗೆದುಕೊಂಡಿರಲಿಲ್ಲ.

ಸಿರಿಧಾನ್ಯದವರು ಗಂಟಲು ಸರಿಮಾಡಿಕೊಂಡರು. "ನಂಗೂ ಎರಡು ಕೊಡಿ. ಇವತ್ತು ಚೀಟ್ ಡೇ." ಕೊಟ್ಟೆ. ಮನಸ್ಸು ಗಟ್ಟಿ ಮಾಡಿಕೊಂಡು, ಇದ್ದುದರಲ್ಲಿ ಚಿಕ್ಕವನ್ನೇ ಆರಿಸಿ ಕೊಟ್ಟೆ.

ಆಗ ಫೋನು ಬಂತು. ನನ್ನ ಬ್ಯಾಂಕಿನ ಸಂದೇಶಗಳು ಹೆಂಡತಿಯ ಮೊಬೈಲಿಗೆ ಹೋಗುತ್ತವೆ.

"ರೀ, ನಿಮ್ಮ ಅಕೌಂಟಿಗೆ ಯಾರ್ಯಾರೋ ಇಪ್ಪತ್ತು ನಲವತ್ತು ಅಂತ ದುಡ್ಡು ಹಾಕ್ತಿದಾರೆ. ಇದೇನಾದ್ರೂ ಸೈಬರ್ ಮೋಸನಾ? ಎಲ್ಲಿದೀರಾ?"

"ಮದ್ದೂರು ಬಿಟ್ಟಿದೆ."

ಆ ಕಡೆ ಮಾತು ನಿಂತಿತು. ಈ ಕಡೆ ಯಾರೋ "ಇನ್ನೆರಡು ವಡೆ ಕೊಡಿ ಸಾರ್" ಎಂದು ಕೂಗಿದರು.

"ವಡೆ ತಿಂತಿದೀರಾ!"

"ತಿಂತಿಲ್ಲ ಕಣೇ, ಮಾರ್ತಿದೀನಿ."

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನಾನು ಅವಳಿಗೆ ಹೇಳಿದ ಸುಳ್ಳುಗಳನ್ನೆಲ್ಲ ಅವಳು ದೊಡ್ಡ ಮನಸ್ಸಿನಿಂದ ನಂಬಿದ್ದಾಳೆ. ಈ ನಿಜವನ್ನು ನಂಬಲಿಲ್ಲ. ಫೋನ್ ಇಟ್ಟುಬಿಟ್ಟಳು.

ತಲೆಯೆತ್ತಿದರೆ ಎದುರಿಗೆ ಖಾಕಿ. ಪರವಾನಗಿ ಇಲ್ಲದೆ ರೈಲಿನಲ್ಲಿ ಮಾರುವುದು 1989ರ ರೈಲ್ವೆ ಕಾಯ್ದೆಯ 144ನೇ ಕಲಮಿನ ಪ್ರಕಾರ ಅಪರಾಧ. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಕ್ಷಣದಲ್ಲೇ ನೆನಪಿಗೆ ಬಂದದ್ದು ದುರದೃಷ್ಟ.

"ಯಾರ್ದು ಸಾರ್ ಇದು?"

"ನಂದೇ. ಮನೆಗೆ."

"ಇಷ್ಟೊಂದಾ?"

ಅವರು ಬುಟ್ಟಿ ನೋಡಿದರು. ಆಮೇಲೆ ನನ್ನ ಹೊಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೆ, ಈ ಬದಿಯಿಂದ ಆ ಬದಿಯವರೆಗೆ ಸಾವಕಾಶವಾಗಿ ನೋಡಿದರು. ಸಂಶಯ ಪರಿಹಾರವಾಯಿತು. "ಆರೋಗ್ಯ ನೋಡ್ಕೊಳಿ ಸಾರ್" ಎಂದು ಮುಂದೆ ಹೋದರು. ಪಥ್ಯ ಹಿಡಿದ ಮೇಲೆ ಯಾರ ಮುಂದೆಯೂ ಮುಚ್ಚಿಡಲಾಗದೆ ಒದ್ದಾಡಿದ ಹೊಟ್ಟೆ, ಅಂದು ನನ್ನ ಪರವಾಗಿ ಸಾಕ್ಷಿ ಹೇಳಿತು.

ಖಾಕಿ ದಾಟಿದ ಮೇಲೆ ಬುಟ್ಟಿಯವನು ಬಂದ. ಚಿಲ್ಲರೆಯ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಇಪ್ಪತ್ತೈದು ದಾಟಿರದ ಹುಡುಗ. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಇಡ್ಕಂಡ್ರೆ ದಂಡ ಕಟ್ಬೇಕು ಸಾ, ಇವತ್ತಿನ್ ಕೂಲಿ ಪೂರಾ ಓಯ್ತದೆ. ಮದ್ಲು ಬಸ್‌ಸ್ಟಾಂಡಲ್ಲಿ ಮಾರ್ತಿದ್ದೆ. ಈಗ ಬಸ್ಸೆಲ್ಲ ಮ್ಯಾಲೇ ಒಂಟೋಯ್ತವೆ."

ಮೇಲೆ ಎಂದರೆ ಹೆದ್ದಾರಿ. ಹೆಂಡತಿಯ ಆರೋಗ್ಯ ಇಲಾಖೆಯ ಆ ಹಾಸ್ಯವನ್ನು ನಾನು ಗೃಹಪ್ರವೇಶದಲ್ಲಿ ನಾಲ್ಕು ಜನಕ್ಕೆ ಹೇಳಿ ನಗಿಸಿ ಬಂದಿದ್ದೆ. ಅವನ ಮುಂದೆ ಅದು ನೆನಪಾಗಬಾರದಿತ್ತು.

ಲೆಕ್ಕಕ್ಕೆ ಕೂತೆವು. ನನ್ನ ಫೋನಿಗೆ ಬಂದದ್ದಕ್ಕೆ ನನ್ನ ಪರ್ಸಿನಿಂದ ನೋಟು ಕೊಟ್ಟೆ, ಕೈಗೆ ಬಂದದ್ದನ್ನು ಎಣಿಸಿ ಕೊಟ್ಟೆ. ಅವನು ಉಳಿದ ವಡೆ ಎಣಿಸಿದ. ಮತ್ತೊಮ್ಮೆ ಎಣಿಸಿದ. ಒಂದು ಕಡಿಮೆ. ನನ್ನ ಮುಖ ನೋಡಿದ.

"ನಾನು ತಿಂದಿಲ್ಲಪ್ಪ. ನಂಗೆ ಶುಗರ್ರು."

"ಓಗ್ಲಿ ಬುಡಿ ಸಾ, ತಿಂದ್ರೆ ಏನೀಗ. ಮದ್ದೂರ್ ವಡೆ ತೊಡೆ ಮ್ಯಾಲ್ ಮಡೀಕಂಡು ಯಾರ್ ಸುಮ್ಕಿದ್ದಾರು? ತಕಳಿ, ಇನ್ನೊಂದ್ ತಿನ್ನಿ."

ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟ. ಚನ್ನಪಟ್ಟಣ ಬಂತು, ಇಳಿದುಹೋದ.

ಈಗ ನೀವೇ ನ್ಯಾಯ ಹೇಳಿ. ಹೆಂಡತಿ ತಿಂದೆ ಎಂದಳು. ಖಾಕಿಯವರು ತಿನ್ನುತ್ತೀಯೆ ಎಂದು ತೀರ್ಮಾನಿಸಿದರು. ಮಾರುವವನೂ ತಿಂದದ್ದಾಯಿತು ಎಂದು ಕ್ಷಮಿಸಿಬಿಟ್ಟ. ಬಾಳಿನಲ್ಲಿ ಮೊದಲ ಸಲ ಬುಟ್ಟಿ ವಡೆಯ ಮುಂದೆ ಬಾಯಿ ಕಟ್ಟಿ ಕೂತವನಿಗೆ ಸಿಕ್ಕ ಮರ್ಯಾದೆ ಇದು. ಮಾಡದ ತಪ್ಪಿಗೆ ಮೂರು ಕಡೆ ಶಿಕ್ಷೆಯಾದ ಮೇಲೆ ತಪ್ಪು ಮಾಡದೆ ಉಳಿಯುವುದು ನ್ಯಾಯಾಂಗಕ್ಕೆ ತೋರುವ ಅಗೌರವ. ತಿಂದೆ. ಆರಿತ್ತು, ಆದರೂ ಗರಿಗರಿ ಬಿಟ್ಟಿರಲಿಲ್ಲ. ಹಿಟ್ಟಿಗೆ ರವೆ ಬೀಳುತ್ತದಲ್ಲ, ಅದಕ್ಕೆ. ನಡುವೆ ಒಂದು ಹಸಿಮೆಣಸಿನ ಚೂರು ಸಿಕ್ಕಿ ಕಣ್ಣಲ್ಲಿ ನೀರು ಬಂತು. ಸಿರಿಧಾನ್ಯದವರು "ನೋಡಿ, ಮನಸ್ಸು..." ಎಂದು ಶುರುಮಾಡಿದರು. ಅವರಿಗೆ ಕೋಸಂಬರಿಯ ಡಬ್ಬಿ ಕೊಟ್ಟು ಬಾಯಿ ಮುಚ್ಚಿಸಿದೆ. ಬಿಡದಿ ಹೋದದ್ದು ಗೊತ್ತಾಗಲಿಲ್ಲ. ಕೆಂಗೇರಿ ಹತ್ತಿರ ಬಂದಾಗ ಅಜ್ಜಿಗೆ ಕೊಟ್ಟ ಕೊಸರು ನೆನಪಾಯಿತು.

ಮನೆಯಲ್ಲಿ ಒಂದೇ ತಿಂದದ್ದೆಂದು ಆಣೆ ಮಾಡಿದೆ. "ಒಂದೇನಾ?" ಎಂದಳು. ಆ ಪ್ರಶ್ನೆ ಇವತ್ತಿಗೂ ಊಟದ ಮೇಜಿನ ಮೇಲೆ ಹಾಗೇ ಇದೆ. ಮೊನ್ನೆ ರಿಪೋರ್ಟ್ ಬಂತು, 6.8. ಡಾಕ್ಟರು "ಚೆನ್ನಾಗಿ ಬಾಯಿ ಕಟ್ಟಿದೀರಿ" ಎಂದರು. ನಂಬಿದವರು ಅವರೊಬ್ಬರೇ. ಹೆಂಡತಿ ನನಗಿಂತ ಮೊದಲು ನಕ್ಕಳು.

ಮದ್ದೂರಿನಿಂದ ಚನ್ನಪಟ್ಟಣದ ಕಡೆಗೆ ಹೋಗುವ ಓದುಗರಲ್ಲಿ ಒಂದು ವಿನಂತಿ. ಯಾರಾದರೂ "ಒಸಿ ಇಡ್ಕೊಂಡಿರಿ" ಎಂದರೆ ಯೋಚಿಸದೆ ಹಿಡಿದುಕೊಳ್ಳಿ. ಚಿಲ್ಲರೆ ಜೇಬಿನಲ್ಲಿರಲಿ. ಕೊಸರು ಕೊಟ್ಟರೆ ಮಾತ್ರ ಆಗಿಂದಾಗಲೇ ಬರೆದಿಟ್ಟುಕೊಳ್ಳಿ.